ಐವತ್ತನೆಯ ಸಾಲಿನ ಫಿಟ್ಟರ್

ಪಾರಂಪರಿಕ ರೈಲು ನಿಲ್ದಾಣದ ಉಗಿ ಎಂಜಿನ್ ಕಾರ್ಯಾಗಾರದಲ್ಲಿ ನಲವತ್ತು ವರ್ಷ ಮೀರಿ ಇರುವ ಯಾವುದೇ ವಸ್ತುವನ್ನು ಸೇವೆಯಿಂದ ತೆಗೆಯುವುದಾಗಲಿ, ಅನುಮತಿಯಿಲ್ಲದೆ ಹೊರಗೆ ಒಯ್ಯುವುದಾಗಲಿ, ಅದರ ಮೂಲರೂಪ ಕೆಡಿಸುವುದಾಗಲಿ ನಿಷಿದ್ಧ. ಈ ನಿಯಮದ ಮೇರೆಗೆ ತಾನು ನಿವೃತ್ತನಾಗುವಂತಿಲ್ಲ ಎಂಬುದು ಕಾರ್ಯಾಗಾರದ ಫಿಟ್ಟರಿಗೆ ತಿಳಿದಾಗ ನಿವೃತ್ತಿಗೆ ನಾಲ್ಕೇ ದಿನ ಬಾಕಿ ಇತ್ತು.

ತಪ್ಪು ಅವನದೇ. ವರ್ಷದ ಆರಂಭದಲ್ಲಿ ಪರಂಪರೆ ಅಧಿಕಾರಿಗಳು ಐವತ್ತು ಸಾಲುಗಳ ನಮೂನೆಯೊಂದನ್ನು ಕಳಿಸಿ, ಅಂಥ ವಸ್ತುಗಳನ್ನೆಲ್ಲ ಬರೆದುಕೊಡಲು ಹೇಳಿದ್ದರು. ಮೊದಲ ಸಾಲಿಗೆ ಎಂಜಿನ್ ಬಂತು. ಆಮೇಲೆ ಲೇತು, ತಿದಿ, ಕಬ್ಬಿಣ ಬಡಿಯುವ ಅಡಿಗಲ್ಲು, ಹಿಡಿ ಅಲ್ಲಾಡುವ ಸುತ್ತಿಗೆಗಳು, ಮೂತಿ ಮುರಿದ ಎಣ್ಣೆ ಡಬ್ಬಿ, ಯಾವ ಬೀಗಕ್ಕೂ ಸೇರದ ಒಂದು ಬೀಗದ ಕೈ. ತಿಣುಕಿ ತಿಣುಕಿ ನಲವತ್ತೊಂಬತ್ತಕ್ಕೆ ಬಂದು ನಿಂತ. ನಮೂನೆಯ ಕೆಳಗೆ 'ಯಾವುದೇ ಸಾಲನ್ನು ಖಾಲಿ ಬಿಡತಕ್ಕದ್ದಲ್ಲ' ಎಂದಿತ್ತು. ಒಂದು ಬೋಲ್ಟು ಸಡಿಲವಿದ್ದರೆ ಅನ್ನ ಸೇರದ ಮನುಷ್ಯ, ಖಾಲಿ ಸಾಲು ಬಿಟ್ಟಾನೆಯೇ? ಸುತ್ತ ಕಣ್ಣಾಡಿಸಿದ. ನಲವತ್ತೆರಡು ವರ್ಷದಿಂದ ಅಲ್ಲೇ ಬಿದ್ದಿರುವುದು ಇನ್ನೊಂದಿದೆ ಎಂದು ಹೊಳೆಯಿತು. 'ಫಿಟ್ಟರ್: ಒಂದು. ಸ್ಥಿತಿ: ಪರವಾಗಿಲ್ಲ' ಎಂದು ಬರೆದು, ಕೈ ಒರೆಸಿಕೊಂಡು ಕೆಲಸಕ್ಕೆ ಹೋದ.

ಈಗ ಅವನ ಕೊರಳಿಗೆ ಐವತ್ತು ಎಂದು ಕೊರೆದ ಹಿತ್ತಾಳೆ ಬಿಲ್ಲೆ ಬಿದ್ದಿತ್ತು.

"ಸಾರ್, ನಾನು ನಿವೃತ್ತಿಗೆ ಅರ್ಜಿ ಕೊಟ್ಟಿದ್ದೆ," ಎಂದ.

"ವಸ್ತುಗಳು ಅರ್ಜಿ ಕೊಡೋ ಹಾಗಿಲ್ಲ ಕಣ್ರೀ," ಎಂದರು ಅಧಿಕಾರಿಗಳು, ಬಹಳ ಸಮಾಧಾನದಿಂದ. "ಸುತ್ತಿಗೆ ಯಾವತ್ತಾದ್ರೂ ಅರ್ಜಿ ಕೊಟ್ಟಿದ್ಯಾ?"

"ಸಂಜೆ ಮನೆಗಾದ್ರೂ ಹೋಗಬಹುದಾ?"

"ನೀವು ಹೋಗೋದಲ್ಲ. ನಿಮ್ಮ ಮನೆಯವರು ಬಂದು ಎರವಲು ತಗೊಂಡು ಹೋಗಬಹುದು. ಹೇಗಿತ್ತೋ ಹಾಗೇ ಬೆಳಿಗ್ಗೆ ವಾಪಸ್ ಕೊಡಬೇಕು."

ಅಂದಿನಿಂದ ಫಿಟ್ಟರನ ಹೆಂಡತಿ ದಿನಾ ಸಂಜೆ 'ಒಂದು ಫಿಟ್ಟರ್ ಪಡೆದಿದ್ದೇನೆ' ಎಂದು ಸಹಿ ಹಾಕಿ ಅವನನ್ನು ಕರೆದೊಯ್ದಳು. ಬೆಳಿಗ್ಗೆ ಸ್ಟೇಷನ್ ಮಾಸ್ಟರು ಅವನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಒಳಗೆ ಬಿಟ್ಟುಕೊಂಡರು. ಒಂದು ದಿನ ಅವನು ಮೀಸೆ ಕತ್ತರಿಸಿಕೊಂಡಿದ್ದ. 'ಮೂಲರೂಪಕ್ಕೆ ಧಕ್ಕೆ' ಎಂದು ಅವಳಿಗೆ ಎಚ್ಚರಿಕೆ ಪತ್ರ ಬಂತು. ಬೆಳೆಯುವವರೆಗೆ ಕಾಲಾವಕಾಶ ಕೊಡಲಾಯಿತು.

ಇದೆಲ್ಲ ಫಿಟ್ಟರಿಗೆ ಅಷ್ಟು ಚುಚ್ಚಲಿಲ್ಲ. ಚುಚ್ಚಿದ್ದು ಬೇರೆ. ನಿವೃತ್ತಿಯ ಮರುದಿನ ಹೆಂಡತಿಯನ್ನು ಆ ಉಗಿ ಎಂಜಿನ್ ಎಳೆಯುವ ರೈಲಿನಲ್ಲಿ ಕಿಟಕಿ ಪಕ್ಕ ಕೂರಿಸಿ, ತಾನೂ ಜೊತೆಗೆ ಕೂತು ಕೊನೆಯ ನಿಲ್ದಾಣದವರೆಗೆ ಹೋಗಿ ಬರುತ್ತೇನೆಂದು ಮಾತು ಕೊಟ್ಟಿದ್ದ. ನಲವತ್ತೊಂದು ವರ್ಷದಿಂದ ಅವಳು ಮಧ್ಯಾಹ್ನ ತಪ್ಪದೆ ಊಟದ ಡಬ್ಬಿ ತಂದು, ಎಂಜಿನ್ನಿನ ಹೊಟ್ಟೆಯಡಿಯಿಂದ ಚಾಚಿಕೊಂಡ ಅವನ ಎರಡು ಕಾಲುಗಳಿಗೆ "ಊಟ ಇಟ್ಟಿದೀನಿ" ಎಂದು ಹೇಳಿ ಹೋಗುತ್ತಿದ್ದಳು. ಎಂಜಿನ್ನಿಗೆ ಅವಳಿಟ್ಟ ಹೆಸರು ಸವತಿ. ಕೊಟ್ಟ ಮಾತು ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂದು ಅವನಿಗೆ ಅವಳ ಮುಖ ನೋಡುವುದಕ್ಕೇ ನಾಚಿಕೆಯಾಯಿತು.

ಒಂದು ದಿನ ಅವಳೇ ಎರಡು ಟಿಕೆಟು ತಂದು ಅವನನ್ನು ರೈಲಿನ ಹತ್ತಿರ ಕರೆದೊಯ್ದೇಬಿಟ್ಟಳು. ಗಾರ್ಡು ಬಿಲ್ಲೆ ನೋಡಿ ತಲೆಯಾಡಿಸಿದ.

"ಅಮ್ಮಾ, ನೀವು ಬೋಗಿಗೆ ಹತ್ತಿ. ಇದು ಸಾಮಾನಿನ ಬೋಗಿಗೆ ಹೋಗಬೇಕು."

"ಸರಿ, ನಾನೂ ಅಲ್ಲೇ ಕೂತ್ಕೋತೀನಿ."

"ಸಾಮಾನಿನ ಬೋಗಿಗೆ ಮನುಷ್ಯರನ್ನ ಹತ್ತಿಸೋ ಹಾಗಿಲ್ಲ."

ರೈಲು ಹೋಯಿತು. ಅವಳು ನೆಟ್ಟಗೆ ಅಧಿಕಾರಿಗಳ ಕೋಣೆಗೆ ಹೋಗಿ ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ನಾನೂ ನಲವತ್ತೊಂದು ವರ್ಷದಿಂದ ಬರ್ತಿದೀನಿ ಸಾರ್. ನನ್ನನ್ನೂ ಬರ್ಕೊಳ್ಳಿ."

"ಪಟ್ಟಿ ತುಂಬಿದೆಯಲ್ಲಮ್ಮ. ಐವತ್ತೊಂದನೇ ಸಾಲೇ ಇಲ್ಲ."

"ಬೇರೆ ಸಾಲು ಯಾರು ಕೇಳಿದ್ರು? ಅವರ ಸಾಲಲ್ಲೇ ಸೇರಿಸಿ."

ಅಧಿಕಾರಿಗಳು ಮೂರು ದಿನ ಕಡತಗಳನ್ನು ತಿರುವಿದರು. ಅಡಿಗಲ್ಲು ಮತ್ತು ಅದನ್ನು ಕೂರಿಸಿದ ಮರದ ದಿಮ್ಮಿಯನ್ನು ಒಂದೇ ಸಾಲಿನಲ್ಲಿ ತೋರಿಸಿದ ಪೂರ್ವನಿದರ್ಶನ ಸಿಕ್ಕಿತು. ನಾಲ್ಕನೆಯ ದಿನ ತಿದ್ದುಪಡಿ ಹೊರಬಿತ್ತು: 'ಕ್ರಮಸಂಖ್ಯೆ ಐವತ್ತು. ಫಿಟ್ಟರ್, ಹೆಂಡತಿ ಸಹಿತ: ಒಂದು ಜೊತೆ. ಯಾವುದೇ ಕಾರಣಕ್ಕೂ ಬಿಡಿಸತಕ್ಕದ್ದಲ್ಲ.'

ಮರುದಿನ ಇಬ್ಬರೂ ಒಂದೊಂದು ಬಿಲ್ಲೆ ಕಟ್ಟಿಕೊಂಡು ಸಾಮಾನಿನ ಬೋಗಿಯಲ್ಲಿ ಒಂದು ಪೆಟ್ಟಿಗೆಯ ಮೇಲೆ ಕೂತರು. ಕಿಟಕಿ ಇರಲಿಲ್ಲ; ಬಾಗಿಲು ಅದಕ್ಕಿಂತ ದೊಡ್ಡದಿತ್ತು. ಪ್ಲಾಟ್‌ಫಾರಂ ಮೇಲಿನ ಪ್ರವಾಸಿಗರು ಫೋಟೊ ತೆಗೆದುಕೊಂಡರು. ರೈಲು ಹೊರಟಿತು. ಅರ್ಧ ದಾರಿಯಲ್ಲಿ ಎಂಜಿನ್ ಕಡೆಯಿಂದ ಟಣ್ ಎಂದಿತು. ಫಿಟ್ಟರ್ ಸ್ಪ್ಯಾನರ್ ಹಿಡಿದು ಎದ್ದ.

"ಕೂತ್ಕೊಳ್ಳಿ ರೀ," ಎಂದಳು. "ಬಿಡಿಸೋ ಹಾಗಿಲ್ಲ ಅಂತ ಬರೆದಿದೆ."

ನಿಯಮ ನಿಯಮವೇ. ಅವನು ಕೂತ. ಟಣ್ ಎನ್ನುತ್ತಲೇ ಇತ್ತು, ಅವನು ಕೂತೇ ಇದ್ದ. ಎದುರಿಗಿದ್ದ ಗಾರ್ಡು ಪುಸ್ತಕ ತೆರೆದು 'ಐವತ್ತು, ಒಂದು ಜೊತೆ. ಸ್ಥಿತಿ: ಪರವಾಗಿಲ್ಲ' ಎಂದು ಬರೆದ. ಅವಳು ಬಗ್ಗಿ ಓದಿದಳು.

"ಚೆನ್ನಾಗಿದೆ ಅಂತ ಬರೀಪ್ಪ."

ಗಾರ್ಡು ವಸ್ತುವನ್ನು ಇನ್ನೊಮ್ಮೆ ಪರಿಶೀಲಿಸಿ, ತಿದ್ದಿ, ತಿದ್ದಿದ್ದಕ್ಕೆ ಸಹಿ ಹಾಕಿದ.