ಎರಡನೇ ಸಿಲಿಂಡರಿನ ಟಕ್ ಟಕ್

ಯಾವ ಸದ್ದಿಗಾದರೂ ಮನುಷ್ಯ ಒಗ್ಗಿಕೊಂಡುಬಿಡುತ್ತಾನೆ. ಉಗಾರದಲ್ಲಿ ನನ್ನ ಅತ್ತೆಯ ಮನೆಯ ಹಿಂದೆಯೇ ರೈಲು ಹಾದುಹೋಗುತ್ತದೆ. ರೈಲು ಬಂದರೆ ಅವರಿಗೆ ಎಚ್ಚರವಾಗುವುದಿಲ್ಲ. ತಡವಾದರೆ ಎದ್ದು ಕೂರುತ್ತಾರೆ. ನಾನು ಹಾಗೆ ಒಗ್ಗಿಕೊಂಡಿದ್ದು ಕಂಪ್ರೆಸರಿನ ಸದ್ದಿಗೆ. ಅಥಣಿ ಹತ್ತಿರದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರಗಳ ಉಸ್ತುವಾರಿ ನನ್ನದು. ಸುತ್ತಲಿನ ದ್ರಾಕ್ಷಿ ಬೆಳೆಗಾರರ ಒಣದ್ರಾಕ್ಷಿಯೆಲ್ಲ ಬಣ್ಣ ಕೆಡದಂತೆ ಅಲ್ಲಿ ತಂಪಾಗಿ ಮಲಗಿರುತ್ತದೆ. ಅದಕ್ಕೆ ಜೋಗುಳ ಹಾಡುವವು ಎರಡು ಕಂಪ್ರೆಸರುಗಳು. ಸೈಕಲ್ಲಿಗೆ ಗಾಳಿ ಹಾಕುವ ಪಂಪನ್ನು ಎಮ್ಮೆಯ ಗಾತ್ರಕ್ಕೆ ಹಿಗ್ಗಿಸಿ, ಗಾಳಿಯ ಬದಲು ಅಮೋನಿಯಾ ತುಂಬಿದರೆ ಹೇಗೋ ಹಾಗೆ. ಒಳಗೆ ಪಿಸ್ಟನ್ನುಗಳು ದಿನವಿಡೀ ಮೇಲೆ ಕೆಳಗೆ ಹೋಗಿಬರುತ್ತವೆ, ಅನಿಲವನ್ನು ಒತ್ತುತ್ತವೆ. ಅವುಗಳ ಆರೋಗ್ಯವನ್ನು ನಾನು ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಅರ್ಧ ಮುಚ್ಚಿ ಪರೀಕ್ಷಿಸುತ್ತಿದ್ದೆ. ನೋಡುವವರಿಗೆ ಅದು ಬಹಳ ಗಂಭೀರವಾಗಿ ಕಾಣುತ್ತಿತ್ತು. ನನಗೂ ಹಾಗೆಯೇ ಕಾಣುತ್ತಿತ್ತು.

ಅಂಥ ಹೊತ್ತಿನಲ್ಲಿ, ಈಗ್ಗೆ ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆಯಲ್ಲಿ, ನಮ್ಮ ಮಾಲೀಕರಾದ ಬಸಗೌಡರು ಯಾರದೋ ಸಲಹೆಯಂತೆ ಕೊಲ್ಹಾಪುರದಿಂದ ಯಂತ್ರಗಳ ನಡುಕ ಅಳೆಯುವವರನ್ನು ಕರೆಸಿದರು. ಬಂದವಳು ವೈಶಾಲಿ. ನಿಪ್ಪಾಣಿ ಕಡೆಯ ಭೋಜ ಎಂಬ ಊರಿನ ಹುಡುಗಿ. ತಂದೆ ತಾಯಿ ತಂಬಾಕಿನ ಹೊಲಗಳಲ್ಲಿ ದುಡಿದು ಇಂಜಿನಿಯರಿಂಗ್ ಓದಿಸಿದ್ದರಂತೆ. ಬಸಗೌಡರು ಅವಳಿಗೆ ಚಹಾ ಕೊಡಿಸಿ, ವಿನಯದಿಂದ ಕೇಳಿದರು: "ಇಂಜಿನಿಯರ್ ಸಾಹೇಬ್ರು ಯಾವಾಗ ಬರ್ತಾರ್ರಿ?"

"ಬಂದಾರ್ರಿ. ಚಾ ಕುಡ್ಯಾಕತ್ತಾರ," ಎಂದು ಆಕೆ ಬಸಿಯನ್ನು ಕೆಳಗಿಟ್ಟಳು.

ಅವಳ ಕೆಲಸ ನೋಡುವ ಹಾಗಿತ್ತು. ಮೊದಲ ಕಂಪ್ರೆಸರನ್ನು ಒಮ್ಮೆ ನಿಲ್ಲಿಸಿ ಅದರ ಚಕ್ರಕ್ಕೆ ಒಂದು ಹೊಳೆಯುವ ಪಟ್ಟಿ ಅಂಟಿಸಿದಳು. ಪಿಸ್ಟನ್ ಯಾವ ಕ್ಷಣದಲ್ಲಿ ಎಲ್ಲಿದೆ ಎಂದು ತಿಳಿಯಲು. ಪ್ರತಿ ಸಿಲಿಂಡರಿನ ಮೈಗೂ ಅಯಸ್ಕಾಂತವಿರುವ ಪುಟ್ಟ ಸೆನ್ಸಾರ್ ಕಚ್ಚಿಸಿ, ಕೈಯಲ್ಲಿದ್ದ ಪೆಟ್ಟಿಗೆಯ ಪರದೆಯನ್ನು ನೋಡುತ್ತ ನಿಂತಳು. ಆಸ್ಪತ್ರೆಯಲ್ಲಿ ಎದೆಬಡಿತದ ಗೆರೆಗಳು ಬರುತ್ತವಲ್ಲ, ಅಂಥವೇ ಗೆರೆಗಳು. ಎರಡನೇ ಸಿಲಿಂಡರಿಗೆ ಬಂದಾಗ ಹುಬ್ಬು ಗಂಟಿಕ್ಕಿದಳು.

"ಪಿಸ್ಟನ್ ಮ್ಯಾಲ ಹೋಗಿ ಹೊಳ್ಳೂ ಹೊತ್ತಿಗೆ ಒಂದ್ ಏಟು ಬೀಳಾಕತ್ತೈತಿ ನೋಡ್ರಿ. ಸುತ್ತಿಗೊಮ್ಮೆ, ಅದೇ ಜಾಗಾದಾಗ."

"ಆ ಟಕ್ ಟಕ್ ಏನ್ರಿ? ಅದು ಮೊದಲಿಂದ ಹಂಗ ಐತಿ. ಅದರ ಸ್ವಭಾವ," ಎಂದೆ, ಮನೆಯ ಹಿರಿಯರ ಕೆಮ್ಮಿನ ಬಗ್ಗೆ ಹೇಳುವ ಧಾಟಿಯಲ್ಲಿ.

"ಸ್ವಭಾವ ಆಗಿದ್ರ ಉಳಿದ ಸಿಲಿಂಡರಿಗೂ ಇರ್ಬೇಕಲ್ರಿ?"

ಆಕೆ ಗಳಿಗೆ ಹೊತ್ತು ಯಂತ್ರ ನಿಲ್ಲಿಸಿ ಎಣ್ಣೆಯ ಫಿಲ್ಟರ್ ತೆಗೆಸಿ, ಬಿಳಿ ಅರಿವೆಯ ಮೇಲೆ ಒರೆಸಿ ಬಿಸಿಲಿಗೆ ಹಿಡಿದಳು. ಹಳದಿ ಪುಡಿ ಮಿನುಗಿತು. ಬಸಗೌಡರು ಬಗ್ಗಿ ನೋಡಿ, "ಬಂಗಾರದಂಗ ಕಾಣ್ತೈತಲ್ಲ," ಎಂದರು. "ಒಳಗಿನ ಬುಷ್, ಪಿನ್ ಕುಂದ್ರೂ ಕಂಚಿನ ಉಂಗುರ, ಸವದು ಉದುರಾಕತ್ತೈತ್ರಿ," ಎಂದಳು ವೈಶಾಲಿ. "ಇದನ್ನ ಇವತ್ತ ಬಂದ್ ಮಾಡಿ ಬಿಚ್ಚಬೇಕು."

ಗೇಟಿನ ಹೊರಗೆ ಒಣದ್ರಾಕ್ಷಿ ತುಂಬಿದ ಟೆಂಪೊಗಳು ಸಾಲಾಗಿ ನಿಂತಿದ್ದವು. ಬಸಗೌಡರ ಮುಖ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿತು. "ಸೀಜನ್ ಮುಗೀಲ್ರಿ ಮೇಡಮ್. ಆಮ್ಯಾಲ ನಿಧಾನಕ ಬಿಚ್ಚೂಣು."

"ಇವತ್ತು ಬಿಚ್ಚೂದು ನಿಮ್ಮ ಕೈಯಾಗ ಐತ್ರಿ. ನಾಳಿ ಅದ ತಾನ ಬಿಚ್ಕೋತೈತಿ. ಪಿಸ್ಟನ್ ಹಿಡದ ರಾಡ್ ಮುರದು ಮಷೀನಿನ ಗ್ವಾಡಿ ಒಡದು ಬಂದ್ರ ಹಿಂದ ಉಸಿರು ಕಟ್ಟಿಸೂ ಅಮೋನಿಯಾನೂ ಬರತೈತಿ. ಹೊರಗ ಇಷ್ಟ ಮಂದಿ ನಿಂತಾರ."

ಬಸಗೌಡರು ನನ್ನನ್ನು ನೋಡಿದರು. "ನೀ ಏನಂತಿ?"

ಯಂತ್ರದ ಸ್ವಭಾವ ಬಲ್ಲವನು ನಾನು. ಆದರೆ ಆ ಅರಿವೆಯ ಮೇಲಿನ ಪುಡಿ ನನ್ನನ್ನೇ ನೋಡುತ್ತಿದ್ದಂತಿತ್ತು. "ಬಂದ್ ಮಾಡೂಣ್ರಿ," ಎಂದೆ. ಹೇಳಿದ ಮೇಲೆ ಇದು ಯಾರ ದನಿ ಎಂದು ನನಗೇ ಅನುಮಾನವಾಯಿತು.

ಹೊರಗೆ ಸುದ್ದಿ ಮುಟ್ಟಿದ್ದೇ ಗದ್ದಲ ಶುರುವಾಯಿತು. "ತಿರಗೂ ಮಷೀನ್ ನಿಲ್ಲಿಸಿ ಏನ್ ನೋಡ್ತಾರ ಇವರು?" ಎಂದು ರುಮಾಲಿನ ಹಿರಿಯರೊಬ್ಬರು ಗೊಣಗಿದರು. ಅವರಿಗೆ ಉತ್ತರ ಹೇಳಲು ನಾನು ಹೋಗಲಿಲ್ಲ, ವೈಶಾಲಿಯೇ ಹೋದಳು. ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ ತಿಳಿಸಿ, ಟೆಂಪೊಗಳನ್ನು ಬೇವಿನ ನೆರಳಿಗೆ ಸರಿಸಿದಳು. ಕೋಣೆಗಳೊಳಗಿದ್ದ ಮಾಲನ್ನು ಇನ್ನೊಂದು ಕಂಪ್ರೆಸರ್ ತಂಪಾಗಿಡುವಷ್ಟು ಇಡಲಿ ಎಂದು ಬಾಗಿಲು ಮುಚ್ಚಿಸಿದೆವು.

ಯಂತ್ರದೊಳಗಿನ ಅನಿಲವನ್ನೆಲ್ಲ ಟ್ಯಾಂಕಿಗೆ ಸಾಗಿಸಿ, ನಮ್ಮ ಫಿಟ್ಟರ್ ರಜಾಕ್ ಸಿಲಿಂಡರಿನ ತಲೆ ಬಿಚ್ಚಿದ. ವಾಲ್ವುಗಳು ಚೆನ್ನಾಗಿದ್ದವು. ಸಿಲಿಂಡರಿನ ಒಳಮೈ ಕನ್ನಡಿಯಂತಿತ್ತು. ಬಸಗೌಡರು ಬೇವಿನ ನೆರಳಿನ ಟೆಂಪೊಗಳನ್ನು ಎಣಿಸತೊಡಗಿದರು. ವೈಶಾಲಿಯ ಮುಖ ಸ್ವಲ್ಪ ಬಿಳಿಚಿತು. ಆದರೆ ಆಕೆ ಪೆಟ್ಟಿಗೆ ತೆರೆದು ಗೆರೆಗಳನ್ನು ಮತ್ತೊಮ್ಮೆ ನೋಡಿ, "ಏಟು ಇಲ್ಲೆ ಅಲ್ಲ, ಕೆಳಗೈತಿ. ಪಿಸ್ಟನ್ ಹೊರಗ ತಗೀರಿ," ಎಂದಳು.

ಪಿಸ್ಟನ್ ಬಂತು, ಅದರ ಜೊತೆ ರಾಡೂ ಬಂತು. ಎರಡನ್ನೂ ಜೋಡಿಸುವ ಪಿನ್ನನ್ನು ರಜಾಕ್ ಅಲುಗಿಸಿದ. ಅದು ಸವೆದ ಬುಷ್ಷಿನೊಳಗೆ, ಸಣ್ಣ ಕೈಯಲ್ಲಿ ದೊಡ್ಡ ಬಳೆಯಂತೆ ಲೊಡಲೊಡ ಆಡಿತು. ಅವನು ರಾಡಿನ ಕುತ್ತಿಗೆ ಒರೆಸಿ ಬೆಳಕಿಗೆ ಹಿಡಿದ. "ಸಾಹೇಬ್ರ, ಇಲ್ಲಿ ಕೂದಲೆಳಿಯಂಥಾ ಸೀಳು ಐತ್ರಿ."

ಬಸಗೌಡರು ಆ ಸೀಳಿನ ಮೇಲೆ ಬೆರಳಾಡಿಸಿದರು, ಬೇವಿನ ನೆರಳಲ್ಲಿ ಕೂತ ಜನರತ್ತ ನೋಡಿದರು. ಆಮೇಲೆ ತಾವೇ ಹೋಗಿ ಚಹಾ ತಂದು ವೈಶಾಲಿಯ ಕೈಗಿತ್ತು, "ಇಂಜಿನಿಯರ್ ಸಾಹೇಬ್ರ, ತಗೋರಿ," ಎಂದರು. ಸಾಂಗ್ಲಿಯಿಂದ ಹೊಸ ರಾಡು, ಬುಷ್ ಬಂದು, ಸಂಜೆಗೆ ಯಂತ್ರ ತಿರುಗಿತು. ಎರಡನೇ ಸಿಲಿಂಡರ್ ಅಷ್ಟು ಮೆತ್ತಗೆ ಉಸಿರಾಡುವುದನ್ನು ನಾನು ಅಂದೇ ಮೊದಲು ಕೇಳಿದ್ದು. ರುಮಾಲಿನ ಹಿರಿಯರು ಮಾಲು ಇಳಿಸಿ ಹೋಗುವಾಗ ಅವಳಿಗೆ ಒಂದು ಚೀಲ ಒಣದ್ರಾಕ್ಷಿ ಕೊಟ್ಟು ಹೋದರು.

ಆಕೆಯ ಮೇಲಿನ ಮೆಚ್ಚುಗೆಯಿಂದ ನಾನೂ ಈ ವಿದ್ಯೆ ಕಲಿಯಲು ಹೊರಟೆ. ಬಸಗೌಡರು ಅಂಥದೇ ಒಂದು ಪೆಟ್ಟಿಗೆ ತರಿಸಿಕೊಟ್ಟರು. ನನ್ನ ಮೊದಲ ಅಳತೆಯಲ್ಲೇ ಗೆರೆಗಳು ಪರದೆಯ ಮೇಲಂಚಿಗೆ ಜಿಗಿದವು. ಅವನ್ನೂ ಸೆನ್ಸಾರ್ ಹಚ್ಚಿದ ಜಾಗದ ಫೋಟೊವನ್ನೂ ಕೊಲ್ಹಾಪುರಕ್ಕೆ, ವೈಶಾಲಿಗೆ ಕಳಿಸಿ, ಕೂಡಲೇ ಫೋನ್ ಮಾಡಿದೆ: "ಮೇಡಮ್, ಬಂದ್ ಮಾಡ್ಲೇನ್ರಿ?"

ಆಕೆ ಅವನ್ನು ನೋಡಿ ಹೇಳಿದಳು: "ಬ್ಯಾಡ್ರಿ ಸರ್. ನೀವು ಸೆನ್ಸಾರ್ ಕಂಪ್ರೆಸರಿಗೆ ಹಚ್ಚಿಲ್ಲ, ಬಾಜೂಕಿನ ಬೆಲ್ಟಿನ ಮುಚ್ಚಳಕ್ಕ ಹಚ್ಚೀರಿ. ಅದರದೊಂದು ಬೋಲ್ಟ್ ಲೂಸ್ ಇರ್ಬೇಕು, ನೋಡ್ರಿ."

ಹೋಗಿ ನೋಡಿದೆ. ಲೂಸ್ ಇತ್ತು. ಬಿಗಿ ಮಾಡಿದೆ. ಬಸಗೌಡರಿಗೆ ಮಾತ್ರ, ಹೊಸ ಪೆಟ್ಟಿಗೆಯಿಂದ ಮೊದಲ ದಿನವೇ ಒಂದು ದೋಷ ಪತ್ತೆಹಚ್ಚಿದೆ ಎಂದು ವರದಿ ಒಪ್ಪಿಸಿದೆ. ಅವರು ಬಹಳ ಮೆಚ್ಚಿಕೊಂಡರು.