ಮಾವನ ಹಗೇವು

ನಮ್ಮ ಸೋದರಮಾವನಿಗೆ ಹುಚ್ಚು ಹಿಡಿದಿದೆ ಎಂದು ರಾಯಚೂರಿನಲ್ಲಿ ಅವನ ಓಣಿಯವರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು! ಹುಚ್ಚು ಮಾವನನ್ನು ಹಿಡಿದಿಲ್ಲ. ಮಾವನೇ ಹುಚ್ಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾನೆ. ಅದು ಪಾಪ, ಎಷ್ಟೋ ಸಲ ಕೊಸರಿಕೊಂಡು ಓಡಿಹೋಗಲು ನೋಡಿದೆ, ಇವನು ಬಿಟ್ಟರೆ ತಾನೆ!

ಹುಚ್ಚು ಏನೆಂದು ಕೇಳಿದರೆ ಬಹಳ ಸಣ್ಣದು. ನಮ್ಮ ಸೀಮೆ ಮುಂದೆ ಬರಬೇಕಾದರೆ ಮೊದಲು ಹಿಂದೆ ತಿರುಗಿ ನೋಡಬೇಕು, ಅಷ್ಟೇ. ಎರಡು ನದಿಗಳ ನಡುವೆ ಇದ್ದೂ ಬಿಸಿಲಲ್ಲಿ ಬೇಯುವ ಈ ನೆಲದಲ್ಲಿ ಹಿರಿಯರು ಏನು ಮಾಡಿ ಬದುಕಿದರು ಎಂದು ವಿಚಾರಿಸದೆ ಒಂದು ಇಟ್ಟಿಗೆಯನ್ನೂ ಇಡಬಾರದು ಎನ್ನುತ್ತಾನೆ. ಹೇಳಿ ಸುಮ್ಮನಿದ್ದರೆ ನಾವೂ ಹೂಂ ಅಂದು ಚಹಾ ಕುಡಿದು ಏಳುತ್ತಿದ್ದೆವು. ಆದರೆ ಮಾವ ಎಂಜಿನಿಯರು. ಹೇಳಿದ್ದನ್ನು ಕಟ್ಟಿ ತೋರಿಸುವ ಚಟ.

ದೇವದುರ್ಗದಲ್ಲಿ ನೌಕರಿಯಲ್ಲಿದ್ದಾಗ ಅವನಿಗೆ ಒಂದು ಕಚೇರಿಯ ನಕ್ಷೆ ಮಾಡಲು ಹೇಳಿದರಂತೆ. ಮಾವ ಭಾನುವಾರಗಳಲ್ಲೆಲ್ಲ ಅಲ್ಲಿನ ಹಳೆಯ ವಾಡೆಗಳನ್ನು ಹೊಕ್ಕು, ಗೋಡೆಗಳಿಗೆ ಟೇಪು ಹಿಡಿದು, ಕಡೆಗೊಂದು ನಕ್ಷೆ ಬರೆದು ತಂದ. ಮೇಲಧಿಕಾರಿಗಳು ನೋಡಿ ಕನ್ನಡಕ ತೆಗೆದಿಟ್ಟರು.

"ಏನ್ರೀ ಇದು? ಇಷ್ಟು ದಪ್ಪ ಗ್ವಾಡಿ ಕಟ್ಟಿದ್ರ ಕುರ್ಚಿ ಎಲ್ಲಿ ಹಾಕೋಣು?"

"ಗ್ವಾಡಿ ಒಳಗ ಗೂಡು ಮಾಡೋಣ್ರಿ ಸಾಹೇಬ್ರ, ಅಲ್ಲೇ ಕೂಡ್ರಬಹುದು. ಭಾಳ ತಂಪಿರ್ತದ!"

ಆ ನಕ್ಷೆ ಏನಾಯಿತೋ ಗೊತ್ತಿಲ್ಲ. ಮಾವನಿಗೆ ಮಾತ್ರ ನಿವೃತ್ತಿಯವರೆಗೆ ಯಾರೂ ಇನ್ನೊಂದು ನಕ್ಷೆ ಬರೆಯಲು ಹೇಳಲಿಲ್ಲ.

ಸರಕಾರ ಕೇಳದಿದ್ದರೇನಂತೆ, ಸ್ವಂತ ಮನೆ ಇದೆಯಲ್ಲ! ನಿವೃತ್ತನಾಗಿ ರಾಯಚೂರಿಗೆ ಬಂದವನೇ ಒಳ್ಳೆಯ ಸಿಮೆಂಟಿನ ತಾರಸಿಯ ಮೇಲೆ ಹಳ್ಳಿಯ ಮಾಳಿಗೆಯಂತೆ ಮಣ್ಣು ಹಾಕಿಸಿದ. ಬೇಸಿಗೆಯಲ್ಲಿ ಮನೆ ನಿಜಕ್ಕೂ ತಣ್ಣಗಿತ್ತು, ಸುಳ್ಳು ಯಾಕೆ ಹೇಳಲಿ. ಮಳೆಗಾಲದಲ್ಲಿ ಮಾತ್ರ ಮಾಳಿಗೆಯ ತುಂಬ ಹುಲ್ಲು ಬೆಳೆಯಿತು. ಹುಲ್ಲಿನ ವಾಸನೆಗೆ ಪಕ್ಕದ ಮನೆಯ ಮೇಕೆ ಮೆಟ್ಟಿಲು ಹತ್ತಿ ಹೋಗಿ ಮೇಯತೊಡಗಿತು. ಮನೆಯ ತೆರಿಗೆ ಕೇಳಲು ಬಂದ ನೌಕರ ಕತ್ತೆತ್ತಿ ಅದನ್ನು ನೋಡಿದವನೇ, "ಯಪ್ಪಾ, ಮನಿ ಮ್ಯಾಲೆ ಹೊಲ ಮಾಡೀರಲ್ಲ, ಪಹಣಿ ಯಾರ ಹೆಸರಿಲೆ ಅದ?" ಎಂದು ಕೇಳಿಬಿಟ್ಟ.

ನನ್ನ ಮದುವೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಮಾನ್ವಿಯಿಂದ ಅಕ್ಕಿ ಗಿರಣಿಯ ಮನೆತನದವರು ನನ್ನನ್ನು ನೋಡಲು ರಾಯಚೂರಿಗೆ, ಮಾವನ ಮನೆಗೆ ಬಂದಿದ್ದರು. ಉಪ್ಪಿಟ್ಟು ತಿಂದು ಕೈ ತೊಳೆಯುವಷ್ಟರಲ್ಲಿ ಮಾವ ವರನನ್ನು ಎಬ್ಬಿಸಿಕೊಂಡು ಕೋಟೆಗೆ ಹೋದ. ಸುಡುಸುಡು ಮಧ್ಯಾಹ್ನ! ಅಲ್ಲಿ ಗೋಡೆಯಲ್ಲಿ ಆನೆಗಿಂತ ಉದ್ದದ ಒಂದು ಕಲ್ಲಿದೆ. ಅದರ ಮುಂದೆ ನಿಲ್ಲಿಸಿ, "ಈ ಕಲ್ಲು ಇಲ್ಲೀ ತನಕ ಹ್ಯಾಂಗ ಬಂದಿರಬೇಕು, ಹೇಳ್ರಿ ನೋಡೋಣ" ಎಂದನಂತೆ. ಗಾಡಿಗೆ ಹೇರಿ ಕೋಣ ಹೂಡಿ ಎಳೆದು ತಂದ ಚಿತ್ರ ಅಲ್ಲೇ ಕಲ್ಲಿನ ಮೇಲೆಯೇ ಕೆತ್ತಿದೆ. ಕಣ್ಣಿದ್ದವರಿಗೆ ಕಾಣುತ್ತದೆ. ಬಿಸಿಲಿಗೆ ತಲೆ ತಿರುಗುತ್ತಿದ್ದ ವರ, "ಲಾರಿಯೊಳಗ ಬಂದಿರಬೇಕ್ರಿ" ಎಂದ. ಮಾವ ಮನೆಗೆ ಬಂದು ನನ್ನನ್ನು ಅಡುಗೆಮನೆಗೆ ಕರೆದು, "ನಿನಗ ಈ ಗಂಡು ಬ್ಯಾಡವಾ" ಎಂದ. ಆ ಗಂಡೇ ಈಗ ನನ್ನ ಗಂಡ. ಇವತ್ತಿಗೂ ಮಾವ ಬರುತ್ತಾನೆಂದರೆ ಅವರು ಗಿರಣಿಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಾರೆ.

ಇದೆಲ್ಲ ನಗುವ ಮಾತಾಯಿತು. ಹೋದ ವರ್ಷದ ಕಥೆ ಹೇಳುವಾಗ ಮಾತ್ರ ನನಗೆ ನಗು ಬರುವುದಿಲ್ಲ.

ಜಿಲ್ಲೆಯನ್ನು ಮುಂದೆ ತರುವುದು ಹೇಗೆ ಎಂದು ರಾಯಚೂರಿನಲ್ಲಿ ಒಂದು ಸಭೆ ನಡೆಯಿತು. ದೂರದಿಂದ ಬಂದವರು ಪರದೆಯ ಮೇಲೆ ಚಿತ್ರ ಬಿಟ್ಟು, ಊರೂರಿಗೆ ಉಕ್ಕಿನ ಗೋದಾಮು ಬೇಕು ಎಂದು ಹೇಳುತ್ತಿದ್ದರು. ಕರೆಯದಿದ್ದರೂ ಹೋಗಿ ಕೂತಿದ್ದ ಮಾವ ಎದ್ದು ನಿಂತ. "ಉಕ್ಕು ನಮ್ಮ ಬಿಸಲಾಗ ಹಂಚಿನಂಗ ಕಾಯ್ತದ್ರಿ. ಕಾಳು ಇಡಾಕ ನಮ್ಮ ಹಿರ್ಯಾರು ಹಗೇವು ಮಾಡಿದ್ರು. ಅದನ್ನ ಸುಧಾರಿಸಿ ಹೊಸಾದು ಮಾಡ್ರಿ. ಬ್ಯಾರೆ ಊರಿನ ಅಂಗಿ ತಂದು ನಮ್ಮ ಮೈಗಿ ಯಾಕ ತೊಡಸ್ತೀರಿ?" ಎಂದ.

ಹಗೇವು ನೋಡದವರಿಗೆ ಹೇಳಬೇಕು. ಅದು ನೆಲದೊಳಗೆ ತೋಡಿದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಹೊಂದಿಸಿ, ಜೋಳ ತುಂಬಿ, ಮೇಲೂ ಹುಲ್ಲು ಹಾಸಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಗಾಳಿಯಾಡುವುದಿಲ್ಲ. ಗಾಳಿಯಿಲ್ಲದಲ್ಲಿ ಹುಳ ಬದುಕುವುದಿಲ್ಲ. ಆದರೆ ನೀರು ಇಳಿಯಿತೋ, ಅಷ್ಟೂ ಜೋಳ ಕೊಳೆತು ಗೊಬ್ಬರ. ತೆಗೆಯುವವರೆಗೆ ಒಳಗೆ ಏನಾಗಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ತಿಳಿಯಲೆಂದು ನಡುವೆ ತೆಗೆದರೆ ಮಳೆಗಾಲದ ತೇವ ಹೊಕ್ಕು, ಕೆಡದಿದ್ದದ್ದೂ ಕೆಡುತ್ತದೆ.

ಸಭೆಯಲ್ಲಿದ್ದ ಅಧಿಕಾರಿ ಒಳ್ಳೆಯ ಮನುಷ್ಯ. "ಯಜಮಾನರೇ, ನೀವು ಒಂದು ಮಾಡಿ ತೋರಿಸಿ. ಸರಿಹೋದರೆ ಹಳ್ಳಿಹಳ್ಳಿಗೂ ಮಾಡಿಸೋಣ" ಎಂದರು. ಮಾವ ಅಲ್ಲೇ ಒಪ್ಪಿಕೊಂಡ. ಆದರೆ ಹಗೇವಿಗೆ ತುಂಬಲು ಅವನ ಬಳಿ ಜೋಳವೆಲ್ಲಿದೆ? ಇದ್ದದ್ದು ಅವನ ಹೆಂಡತಿ, ನಮ್ಮ ಅತ್ತೆಯ ಬಳಿ!

ಅತ್ತೆ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಮನೆಯ ಪಡಸಾಲೆಯಲ್ಲೇ ಖಡಕ್ ರೊಟ್ಟಿಯ ಕೇಂದ್ರ ನಡೆಸುತ್ತಾಳೆ. ಅವರಲ್ಲಿ ಕೆಲವರ ಮನೆಯ ಒಲೆ ಉರಿಯುವುದೇ ಆ ರೊಟ್ಟಿಯಿಂದ. ಸುಗ್ಗಿಯಲ್ಲಿ ಜೋಳ ಅಗ್ಗವಿದ್ದಾಗ ಎಲ್ಲರೂ ಸೇರಿ ವರ್ಷಕ್ಕಾಗುವಷ್ಟು ಕೊಂಡು ಚೀಲದಲ್ಲಿಡುತ್ತಾರೆ. ಮಳೆಗಾಲ ಬಂತೆಂದರೆ ಅದಕ್ಕೆ ನುಸಿ.

"ಪ್ರತಿ ವರ್ಷ ನುಸಿಗೆ ಹಾಕ್ತಿ. ಈ ಸಲ ಹಗೇವಿನಾಗ ಇಡೋಣು" ಎಂದ ಮಾವ.

"ನುಸಿ ತಿಂದ್ರ ಅರ್ಧ ಹೋಗ್ತದ. ನಿಮ್ಮ ಕೈಯಾಗ ಕೊಟ್ರ ಎಲ್ಲಾ ಹೋಗ್ತದ!" ಎಂದಳು ಅತ್ತೆ.

ಹೀಗೆ ಬೈದೂ ಬೈದೂ, ದಸರೆಯವರೆಗೆ ಆಗುವಷ್ಟು ಮನೆಯಲ್ಲಿಟ್ಟುಕೊಂಡು ಉಳಿದದ್ದನ್ನೆಲ್ಲ ಕೊಟ್ಟಳು. ಯಾಕೆ ಕೊಟ್ಟಳು? ಆ ಹೆಂಗಸರನ್ನು ಹೇಗೆ ಒಪ್ಪಿಸಿದಳು? ನಾನು ಕೇಳಿದರೆ, "ನಿಮ್ಮ ಮಾಮಾನ ಮಾತು ಯಾರೂ ಕೇಳಂಗಿಲ್ಲಲ್ಲಬೇ, ನಾನರ ಕೇಳಬೇಕಲ್ಲ" ಎಂದು ರೊಟ್ಟಿ ಬಡಿಯಲು ಕೂತಳು.

ಹಗೇವು ಇದ್ದದ್ದು ಮಾನ್ವಿ ತಾಲ್ಲೂಕಿನ ಬಾಗಲವಾಡದಲ್ಲಿ, ಅತ್ತೆಯ ತವರಿನ ಹಿತ್ತಲಲ್ಲಿ. ಎಷ್ಟೋ ವರ್ಷದಿಂದ ಕಸ ಚೆಲ್ಲುವ ಗುಂಡಿಯಾಗಿತ್ತು. ಮಾವ ಅದರ ಕಸ ಬಳಿದು ಬೆಂಕಿ ಹಾಕಿ ಒಣಗಿಸಿ, ಹೊಸದಾಗಿ ಹುಲ್ಲು ಹೊಂದಿಸಿ, ಬಾಯಿಯ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಿದ. ಒಳಗಿನ ತೇವವನ್ನು ಮೊಬೈಲಿಗೆ ತಿಳಿಸುವ ಒಂದು ಯಂತ್ರವನ್ನೂ ಇಳಿಬಿಟ್ಟ. ಮುತ್ತಜ್ಜನ ಹೊಟ್ಟೆ, ಮೊಮ್ಮಗನ ತಲೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಸಿಕ್ಕಸಿಕ್ಕವರಿಗೆಲ್ಲ ಮೊಬೈಲು ತೆಗೆದು, "ನೋಡ್ರಿ, ಜ್ವಾಳ ಮಾತಾಡಾಕತ್ತದ" ಎಂದು ತೋರಿಸುತ್ತಿದ್ದ.

ಶ್ರಾವಣದಲ್ಲಿ ಜೋಳ ಮಾತು ನಿಲ್ಲಿಸಿತು.

ಆ ವರ್ಷದ ಮಳೆಯೂ ಅಂಥದೇ. ಬೇಡಿಕೊಂಡರೂ ಬಾರದ ಮಳೆ, ಹಗೇವು ಮುಚ್ಚಿದ ವರ್ಷ ಬಿಟ್ಟೂಬಿಡದೆ ಹೊಡೆಯಿತು. ಯಂತ್ರ ಕೆಟ್ಟಿತೋ, ನೀರು ಹೊಕ್ಕಿತೋ? ಮಾವ ಮೊಬೈಲನ್ನು ಅಲುಗಾಡಿಸಿ ನೋಡಿದ, ಕಿವಿಗಿಟ್ಟು ಕೇಳಿದ. ಮೋಡ ಕವಿದರೆ ಸಾಕು, ರಾಯಚೂರಿನಿಂದ ಬಸ್ಸು ಹತ್ತಿ ಬಾಗಲವಾಡಕ್ಕೆ ಓಡುತ್ತಿದ್ದ. ಹಾಸುಗಲ್ಲಿನ ಮೇಲೆ ಕೊಡೆ ಹಿಡಿದು ನಿಂತಿರುತ್ತಿದ್ದನಂತೆ. ತಾನು ನೆನೆಯುತ್ತ, ಹಗೇವಿಗೆ ಕೊಡೆ! ಬರುವಾಗ ಮಾನ್ವಿಯಲ್ಲಿ ನಮ್ಮ ಮನೆಗೆ ಬಂದು ಒದ್ದೆ ಬಟ್ಟೆಯಲ್ಲೇ ಕೂರುತ್ತಿದ್ದ. ಒಂದು ಸಲ ನಡುವಿನ ಪೋತ್ನಾಳದಲ್ಲಿ ಬಸ್ಸು ಹತ್ತಿದ ಯಾರೋ ಹಿರಿಯರು, ತಮ್ಮ ಹಗೇವಿಗೆ ನೀರು ಹೊಕ್ಕಾಗ ದನವೂ ಮೂಸದಂತೆ ಜೋಳ ಕೊಳೆತಿತ್ತು ಎಂದು ಪಕ್ಕದಲ್ಲೇ ಕೂತು ವಿವರವಾಗಿ ಹೇಳಿದರಂತೆ. ಅವತ್ತು ಮಾವ ನಮ್ಮಲ್ಲಿ ಊಟ ಮಾಡಲಿಲ್ಲ.

"ತಗದು ನೋಡಿಬಿಡು ಮಾಮಾ" ಎಂದೆ ನಾನು, ಸಿಟ್ಟಿನಿಂದಲೇ.

"ತಗದ್ರ ಕೆಟ್ಟೇ ಕೆಡ್ತದವಾ. ತಗೀಲಿಲ್ಲಂದ್ರ ಉಳದಿರಬಹುದು."

ನಾನು ಅವನನ್ನು ಕಂಡು ನಗುವುದನ್ನು ಬಿಟ್ಟೆ. ಅದಕ್ಕಿಂತ ಹೆದರಿಕೆಯ ಸಂಗತಿ ಎಂದರೆ ಅತ್ತೆ ಬೈಯುವುದನ್ನು ಬಿಟ್ಟಳು. ಮನೆಯಲ್ಲಿದ್ದ ಚೀಲಗಳು ಒಂದೊಂದಾಗಿ ಮುಗಿಯುತ್ತಿದ್ದವು. ದಿನವೂ ಬೆಳಿಗ್ಗೆ ಮೊರದಲ್ಲಿ ಜೋಳ ಕೇರುವಾಗ ಹೆಂಗಸರು ಅತ್ತೆಯ ಮುಖ ನೋಡುತ್ತಿದ್ದರು. ಹಗೇವಿನ ಜೋಳ ಹೋಯಿತೆಂದರೆ ಕೇಂದ್ರ ಮುಚ್ಚಿದಂತೆಯೇ. ದಸರೆಯ ಹೊತ್ತಿಗೆ ಜೋಳದ ಧಾರಣೆ ಏರಿರುತ್ತದೆ, ಕೊಂಡು ರೊಟ್ಟಿ ಮಾಡಿದರೆ ಏನೂ ಗಿಟ್ಟುವುದಿಲ್ಲ. ಇದು ಮಾವನಿಗೂ ಗೊತ್ತು, ಅತ್ತೆಗೂ ಗೊತ್ತು. ಇಬ್ಬರೂ ಒಂದೇ ಮನೆಯಲ್ಲಿ ಆ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾತಾಡುತ್ತಿದ್ದರು.

ದಸರೆ ಮುಗಿದು ಮಳೆ ಹಿಂದೆಗೆದ ಮೇಲೆ ಹಗೇವು ತೆಗೆಯುವ ದಿನ ಬಂತು. ಅಧಿಕಾರಿ ಜೀಪಿನಲ್ಲಿ ಬಂದರು. ರೊಟ್ಟಿ ಕೇಂದ್ರದ ಹೆಂಗಸರು ಟಂಟಂ ಆಟೋ ಮಾಡಿಕೊಂಡು ಬಂದರು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಧೋತರ ಉಟ್ಟು ಕಟ್ಟೆಯ ಮೇಲೆ ನಿಂತು ಎಚ್ಚರಿಸಿದ. "ಬಾಯಿ ತಗದ ಕೂಡ್ಲೇ ಯಾರೂ ಬಗ್ಗಬ್ಯಾಡ್ರಿ. ಒಳಗ ಕೆಟ್ಟ ಗಾಳಿ ಇರ್ತದ, ಜೀವ ತಗೀತದ. ಮೊದಲ ಕಂದೀಲು ಇಳಿಸಬೇಕು. ಆರಿದ್ರ ದೂರ ನಿಂದ್ರಬೇಕು. ಇದು ಹಿರ್ಯಾರ ಕಟ್ಟಳಿ."

ಅತ್ತೆಯ ಅಣ್ಣ ಹಾರೆ ಹಾಕಿ ಹಾಸುಗಲ್ಲು ಸರಿಸಿದರು. ಭಪ್ಪನೆ ಒಂದು ಹುಳಿ ವಾಸನೆ ಹೊಡೆಯಿತು. ಹೆಂಗಸರು ಸೆರಗು ಮೂಗಿಗೆ ಹಿಡಿದರು. ಹಗ್ಗಕ್ಕೆ ಕಟ್ಟಿದ ಕಂದೀಲು ಬಾಯಿಂದ ಕೆಳಗೆ ಇಳಿದದ್ದೇ ತಡ, ಪಕ್ಕನೆ ಆರಿಹೋಯಿತು.

"ಆರಿತು! ಆರಿತು!" ಎಂದು ಮಾವ ಕೈ ತಟ್ಟಿದ.

ಅಧಿಕಾರಿಗೆ ಗಲಿಬಿಲಿ. "ಆರಿದರೆ ಒಳ್ಳೆಯದೋ, ಕೆಟ್ಟದ್ದೋ?"

"ಜ್ವಾಳಕ್ಕ ಒಳ್ಳೇದ್ರಿ, ಮನಶ್ಯಾಗ ಕೆಟ್ಟದ್ದು! ಗಾಳಿ ಆಡಿಲ್ಲಂತ ಆತಲ್ಲ!"

ಇನ್ನು ಕಾಯಬೇಕು. ಬಾಯಿಯ ಮೇಲೆ ಕಂಬಳಿ ಬೀಸಿ ಗಾಳಿ ಹಾಕಿದರು. ಮತ್ತೆ ಕಂದೀಲು ಇಳಿಸಿದರು, ಮತ್ತೆ ಆರಿತು. ಬಿಸಿಲು ಏರಿತು. ಹುಳಿ ವಾಸನೆ ಮಾತ್ರ ಇಳಿಯಲಿಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡರು. ಹೆಂಗಸರಲ್ಲಿ ಒಬ್ಬಳು ಮೆಲ್ಲಗೆ, "ಯಕ್ಕಾ, ಕೆಟ್ಟದೇನ?" ಎಂದು ಕೇಳಿದಳು. ಅತ್ತೆ ಹಾಗೇ ಹಿಂದೆ ಸರಿದು ನೆಲದ ಮೇಲೆ ಕೂತುಬಿಟ್ಟಳು.

ಮಾವ ಅದನ್ನು ನೋಡಿದ. ನಾನು ಮಾವನ ಮುಖ ನೋಡಿದೆ. ಊರಿಗೆಲ್ಲ ಕಟ್ಟಳೆ ಹೇಳಿದ ಮನುಷ್ಯ, ಯಾರೂ ಹಿಡಿಯುವ ಮೊದಲೇ ಹೊಟ್ಟೆಯ ಮೇಲೆ ಮಲಗಿ ಹಗೇವಿನ ಬಾಯೊಳಗೆ ತಲೆ ಹಾಕಿದ! ಜೋಳ ಕುಸಿದು ಕೆಳಗೆ ಕೂತಿತ್ತು, ಕೈಗೆ ಎಟುಕಲಿಲ್ಲ. ಭುಜ ಒಳಗೆ ಹೋಯಿತು, ಸೊಂಟದವರೆಗೆ ಮೈ ಹೋಯಿತು. ಹೊರಗಿದ್ದ ಎರಡು ಕಾಲು ಒಮ್ಮೆ ಒದ್ದಾಡಿದವು. ಆಮೇಲೆ ಸುಮ್ಮನಾದವು.

ನಾನು ಕಿರುಚಿದೆನೋ ಇಲ್ಲವೋ ನೆನಪಿಲ್ಲ. ಅತ್ತೆ ಕೂತಲ್ಲಿಂದ ಯಾವಾಗ ಎದ್ದಳೋ ಕಾಣಲಿಲ್ಲ. ಧೋತರ ಸೇರಿಸಿ ಎರಡೂ ಕಾಲು ತಬ್ಬಿ ಹಿಡಿದು ಜಗ್ಗುತ್ತಿದ್ದಳು. ಅವಳ ಅಣ್ಣ, ಹೆಂಗಸರು, ಅಧಿಕಾರಿ ಎಲ್ಲರೂ ಕೈಹಾಕಿ ಎಳೆದರು. ಮಾವ ಹೊರಗೆ ಬಂದಾಗ ತುಟಿ ನೀಲಿಗಟ್ಟಿತ್ತು. ನೆರಳಿಗೆ ಹೊತ್ತೊಯ್ದು, ಗಾಳಿ ಬೀಸಿ ನೀರು ಚಿಮುಕಿಸಿದೆವು. ಉಸಿರು ಬರುತ್ತದೋ ಇಲ್ಲವೋ ಎಂದು ಕಾದ ಆ ಹೊತ್ತು ಯಾವ ವೈರಿಗೂ ಬೇಡ. ಕಡೆಗೆ ಒಂದು ದೊಡ್ಡ ಕೆಮ್ಮು ಬಂತು. ಕಣ್ಣು ಬಿಟ್ಟವನ ಮೊದಲ ಮಾತು, "ನಿನ್ನ ಜ್ವಾಳ..." ಎಂದು.

ಇಷ್ಟು ದಿನ ತಡೆದಿಟ್ಟದ್ದೆಲ್ಲ ಅತ್ತೆಯ ಬಾಯಿಂದ ಹೊರಗೆ ಬಂತು. "ಜ್ವಾಳ ಮಣ್ಣಾಗ ಹೋಗ್ಲಿ! ಯೋಜನಾನೂ ಹೋಗ್ಲಿ! ಜ್ವಾಳ ಮುಂದಿನ ವರ್ಷ ಮತ್ತ ಬೆಳೀತದ, ನಿಮ್ಮನ್ನ ಎಲ್ಲಿಂದ ತರ್ಲಿ ನಾ?"

ಮಾವನ ಬಲಗೈ ಮುಷ್ಟಿ ಕಟ್ಟಿಯೇ ಇತ್ತು. ಅತ್ತೆಯ ಅಣ್ಣ ಬೆರಳು ಒಂದೊಂದಾಗಿ ಬಿಡಿಸಿದರು. ಮೇಲೆ ಒಂದಿಷ್ಟು ಕೊಳೆತ ಹುಲ್ಲು, ವಾಸನೆ ಅದರದೇ. ಹುಲ್ಲಿನ ಕೆಳಗೆ ಜೋಳ, ಬೆಳ್ಳಗೆ, ಸುಗ್ಗಿಯಲ್ಲಿ ತುಂಬಿದ್ದು ಹೇಗಿತ್ತೋ ಹಾಗೆಯೇ. ಒಬ್ಬಳು ಕಾಳು ಬಾಯಿಗೆ ಹಾಕಿಕೊಂಡು ಕಟಕ್ಕನೆ ಕಡಿದಳು. ಹೆಂಗಸರು ಒಟ್ಟಿಗೆ ಕೂಗಿಕೊಂಡರು. ಅಧಿಕಾರಿ ಆ ಅಂಗೈಗೆ ಬಗ್ಗಿ ನೋಡಿದರು, ನಾನೂ ನೋಡಿದೆ, ಮಾವ ಮಲಗಿದಲ್ಲೇ ಕತ್ತೆತ್ತಿ ನೋಡಿದ.

ಅತ್ತೆ ಮಾತ್ರ ನೋಡಲಿಲ್ಲ. "ಅತ್ತೀ, ಜ್ವಾಳ ಉಳದದ ನೋಡಬೇ" ಎಂದು ನಾನು ಅವಳ ಭುಜ ಅಲುಗಿಸಿದೆ. ಅವಳು ತಲೆಯೆತ್ತಲೇ ಇಲ್ಲ. ಮಾವನ ಎರಡೂ ಕಾಲನ್ನು ಮಡಿಲಲ್ಲಿ ಒತ್ತಿ ಹಿಡಿದು ಕೂತಿದ್ದಳು, ಇನ್ನೂ ಬಿಟ್ಟಿರಲಿಲ್ಲ.