ಗುರುತು ಸಿಗದಂತೆ ಕಾಪಾಡಲಾದ ಹುಸೇನಪ್ಪ

ಹಂಪಿಯ ನಲವತ್ತೊಂದು ಗೈಡ್‌ಗಳಲ್ಲಿ ಒಬ್ಬರು ಇಪ್ಪತ್ತೆರಡು ವರ್ಷಗಳಿಂದ ಮಾತಂಗ ಪರ್ವತ ಹತ್ತಿಲ್ಲ. ಅವರು ಯಾರೆಂದು ಯಾರಿಗೂ ಗೊತ್ತಾಗಬಾರದು. ಅವರು ನನ್ನ ಸೋದರಮಾವ ಹುಸೇನಪ್ಪ.

ಮಾವನಿಗೆ ಎತ್ತರ ಎಂದರೆ ಭಯ. ದಿನಾ ಬೆಳಗ್ಗೆ ಪ್ರವಾಸಿಗರನ್ನು ಗುಡ್ಡದ ಬುಡಕ್ಕೆ ಕರೆತಂದು, ಸೂರ್ಯೋದಯ ಹೇಗಿರುತ್ತದೆಂದು ಪೂರ್ತಿ ವಿವರಿಸಿ, ಅವರನ್ನು ಮೇಲಕ್ಕೆ ಕಳಿಸಿ, ತಾವು ಕೆಳಗೆ ಚಹಾ ಕುಡಿಯುತ್ತಾರೆ. ಹೊಸಪೇಟೆಯ ಮನೆಯಲ್ಲಿ ಕರೆಮ್ಮತ್ತೆ ದಿನಾ ಸಂಜೆ, ಗುಡ್ಡ ಹತ್ತಿ ಇಳಿದು ದಣಿದಿವೆಯೆಂದು ಮಾವನ ಮೊಣಕಾಲುಗಳಿಗೆ ಬಿಸಿ ಎಣ್ಣೆ ತಿಕ್ಕುತ್ತಾರೆ. ಇದೂ ಇಪ್ಪತ್ತೆರಡು ವರ್ಷ.

ಇದನ್ನು ನಾನು ನನ್ನ ಬ್ಲಾಗಿನಲ್ಲಿ ಬರೆದೆ. ಹೆಸರನ್ನು ಶಂಭುಲಿಂಗ ಎಂದು ಬದಲಿಸಿದೆ. ವಯಸ್ಸು ಐದು ವರ್ಷ ಇಳಿಸಿದೆ. ಮೀಸೆ ತೆಗೆದೆ.

ಮಾವ ಓದಿ ಫೋನ್ ಮಾಡಿದರು.

"ಮೀಸಿ ಯಾಕ ತೆಗದಿ?"

"ಗುರುತು ಸಿಗಬಾರ್ದು ಅಂತ, ಮಾವ."

"ಭಾಳ ಚಲೋ ಬರ್ದಿ. ಆದ್ರ ನಿಮ್ಮತ್ತಿಗೆ ಗೊತ್ತಾತಂದ್ರ ಎಣ್ಣಿ ಹೋತು ನೋಡವ್ವ. ಜಲ್ದಿ ಏನರ ಮಾಡು."

ನಾನು ಬಿಎಸ್ಸಿ. ವಿಧಾನವಿದ್ದರೆ ಅನುಸರಿಸುವವಳು. ಹೊಸಪೇಟೆಯಲ್ಲಿ ಹೊಸದಾಗಿ ತೆರೆದಿದ್ದ ಅಂತರ್ಜಾಲ ಗೌಪ್ಯತಾ ರಕ್ಷಣಾ ಘಟಕಕ್ಕೆ ಅರ್ಜಿ ಕೊಟ್ಟೆ. ಅಲ್ಲಿನ ಅಧಿಕಾರಿ ಲಿಂಗರಾಜ್ "ಬರ್ರಿ, ಕುಂದ್ರಿ" ಎಂದರು.

"ಬರಹಾನ ಅಳಿಸಿಬಿಡ್ತೀನಿ ಸರ್. ಮುಗೀತಲ್ಲ?"

"ಅಳಿಸಿದ್ರ ನಾವು ರಕ್ಷಣೆ ಯಾವುದಕ್ಕ ಮಾಡೋದ್ರಿ? ಫೈಲ್ ತೆರದಾಗೈತಿ."

ನಿಯಮ 4ರ ಪ್ರಕಾರ ಗುರುತು ಪರೀಕ್ಷೆ ನಡೆಯಿತು. ಹಂಪಿ ಬಜಾರ್‌ನ ಕಲ್ಲುಮಂಟಪದಲ್ಲಿ ಇಪ್ಪತ್ತು ಮಂದಿಯನ್ನು ಕೂರಿಸಿ, ಲಿಂಗರಾಜ್ ಮೈಕಿನಲ್ಲಿ ನನ್ನ ಬರಹ ಓದಿದರು. ಇದು ಯಾರೆಂದು ತಿಳಿದವರು ಬೆರಳು ಮಾಡಿ ತೋರಿಸತಕ್ಕದ್ದು ಎಂದರು. ಹತ್ತೊಂಬತ್ತು ಮಂದಿ ಮಾವನನ್ನು ತೋರಿಸಿದರು. ಇಪ್ಪತ್ತನೆಯವರು ಮಾವ. ನಿಯಮಕ್ಕೆ ಗೌರವ ಕೊಟ್ಟು ಅವರೂ ತಮ್ಮನ್ನೇ ತೋರಿಸಿಕೊಂಡರು.

"ಮೀಸಿ ತೆಗದ್ರೂ ಹಿಡದ್ರು ನೋಡು!" ಎಂದು ಮಾವ ಹೆಮ್ಮೆಪಟ್ಟರು.

ನಾನು ಶಂಭುಲಿಂಗನನ್ನು ರೇಣುಕಾದೇವಿಯಾಗಿ ತಿದ್ದಿದೆ. ಮರುಪರೀಕ್ಷೆಗೆ, ಹಿಂದಿನ ಸಲ ಜಾಗ ಸಿಗದವರೂ ಸೇರಿ, ಅರವತ್ತು ಮಂದಿ ಬಂದಿದ್ದರು. ಅರವತ್ತೂ ಬೆರಳು ಮಾವನ ಕಡೆಗೇ.

ಮೂರನೆಯ ದಿನ ಘಟಕದ ಆದೇಶ ಬಂತು:

"ದೋಷ ಬರಹದಲ್ಲಿರುವುದಿಲ್ಲ. ಇಂಥ ವ್ಯಕ್ತಿ ಒಬ್ಬರೇ ಇರುವುದು ದೋಷ. ಒಂದು ವಿವರಣೆಗೆ ಕನಿಷ್ಠ ಹತ್ತು ಮಂದಿ ಹೊಂದಿದಲ್ಲಿ ಮಾತ್ರ ಗೌಪ್ಯತೆ ಸಾಧ್ಯ. ಆದ್ದರಿಂದ ಮುಂದಿನ ಆದೇಶದವರೆಗೆ ಹಂಪಿಯ ಯಾವ ಗೈಡೂ ಮಾತಂಗ ಪರ್ವತ ಹತ್ತತಕ್ಕದ್ದಲ್ಲ. ಸೂರ್ಯೋದಯವನ್ನು ಬುಡದಲ್ಲಿಯೇ ವಿವರಿಸತಕ್ಕದ್ದು."

ಪ್ರತಿಭಟಿಸಲು ಗೈಡ್‌ಗಳ ಪರವಾಗಿ ಹುಲಿಗೇಶ್ ಬಂದರು. ಆದೇಶವನ್ನು ಎರಡು ಸಲ ಓದಿದರು.

"ಹತ್ತೋದು ಬ್ಯಾಡ ಅಂತೀರಿ?"

"ಬ್ಯಾಡ," ಎಂದರು ಲಿಂಗರಾಜ್.

"ಬರೇ ಹೇಳೋದು?"

"ಬರೇ ಹೇಳೋದು."

"ಹುಸೇನಪ್ಪನ ಮರ್ಯಾದಿ ಪ್ರಶ್ನೆ ಐತಿ. ಎಷ್ಟು ಕಷ್ಟ ಆದ್ರೂ ತಡ್ಕೋತೀವ್ರಿ," ಎಂದು ಹುಲಿಗೇಶ್ ಅಲ್ಲೇ ಸಹಿ ಹಾಕಿದರು.

ನಲವತ್ತೊಂದು ಗೈಡ್‌ಗಳೂ ಬುಡದಲ್ಲಿ ಕುಳಿತರು. ಪ್ರವಾಸಿಗರು ಮೆಚ್ಚಿದರು. ಒಬ್ಬರು ಮಾತ್ರ ಮೇಲೆ ಹೋಗಿ ಬಂದು, ಅಲ್ಲಿನ ಸೂರ್ಯೋದಯ ವಿವರಣೆಯಷ್ಟು ಚೆನ್ನಾಗಿಲ್ಲವೆಂದು ಲಿಖಿತ ದೂರು ಕೊಟ್ಟರು. ದೂರು ಪರಿಶೀಲನೆಯಲ್ಲಿದೆ.

ಇನ್ನು ಒಂದೇ ಕಾಗದ ಬಾಕಿ ಇತ್ತು. ನಿಯಮ 9: ವಿಷಯ ಯಾರಿಗೆ ಗೊತ್ತಾಗಬಾರದೋ ಅವರಿಂದ ದೃಢೀಕರಣ. ಸಂಜೆ ಲಿಂಗರಾಜ್ ನನ್ನನ್ನೂ ಕರೆದುಕೊಂಡು ಮಾವನ ಮನೆಗೆ ಬಂದರು. ಎಣ್ಣೆ ಬಟ್ಟಲಿನ ಮುಂದೆ ಕಾಲು ಚಾಚಿ ಕುಳಿತಿದ್ದ ಮಾವ ಕಾಲು ಮಡಚಿಕೊಂಡರು.

ಕರೆಮ್ಮತ್ತೆ ಕಾಗದವನ್ನು ಗಟ್ಟಿಯಾಗಿ ಓದಿದರು: "ನನ್ನ ಗಂಡ ಹುಸೇನಪ್ಪ ಇವರು ಇಪ್ಪತ್ತೆರಡು ವರ್ಷಗಳಿಂದ ಗುಡ್ಡ ಹತ್ತಿರುವುದಿಲ್ಲ ಎಂಬ ವಿಷಯವು ನನಗೆ ತಿಳಿದಿರುವುದಿಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ."

ಓದಿ ಮುಗಿಸಿ ಕಾಗದ ಕೆಳಗಿಟ್ಟರು.

"ಹತ್ತೇ ಇಲ್ಲ?" ಎಂದರು ಅತ್ತೆ.

"ಅದು ನಿಮಗ ಗೊತ್ತಿಲ್ರೀ ಅಕ್ಕಾರ," ಎಂದರು ಲಿಂಗರಾಜ್.

"ಈಗ ಓದಿದ್ನಲ್ರಿ!"

"ಸಹಿ ಮಾಡಿದ್ರ ಗೊತ್ತಿಲ್ಲ. ಮಾಡ್ಲಿಲ್ಲಂದ್ರ ಪರೀಕ್ಷೆ ಮತ್ತ ಮೊದಲಿಂದ. ಮೈಕು, ಮಂದಿ, ಎಲ್ಲಾ."

ಅತ್ತೆ ಮಾವನ ಮೊಣಕಾಲುಗಳನ್ನು ನೋಡಿದರು. ಹೊಸಪೇಟೆಯಲ್ಲಿ ಅಷ್ಟು ನುಣುಪಾದ ಮೊಣಕಾಲು ಬೇರೆ ಯಾರಿಗೂ ಇಲ್ಲ. ಆಮೇಲೆ ಮಾವನ ಮುಖ ನೋಡಿದರು. ಮಾವ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು.

"ಪೆನ್ ಕೊಡ್ರಿ," ಎಂದರು ಅತ್ತೆ.

ಈಗ ಪ್ರಮಾಣಪತ್ರ ಬಂದಿದೆ: "ಸದರಿ ಹುಸೇನಪ್ಪ ಇವರು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ." ಮೇಲೆ ಮಾವನ ಭಾವಚಿತ್ರ, ಮೀಸೆ ಸಮೇತ. ಅದಕ್ಕೆ ಕಟ್ಟು ಹಾಕಿಸಿ ಗುಡ್ಡದ ಬುಡದ ಚಹಾದಂಗಡಿಯಲ್ಲಿ ತೂಗುಹಾಕಿದ್ದಾರೆ. ಪ್ರವಾಸಿಗರು ಅದರ ಪಕ್ಕ ಮಾವನನ್ನು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ.

ಎಣ್ಣೆ ನಿಂತಿಲ್ಲ. ದಿನವಿಡೀ ದುಡಿಯುವುದು ಬಾಯಿಯೇ ಎಂದು ಅತ್ತೆ ಈಗ ಮಾವನ ದವಡೆಗೆ ತಿಕ್ಕುತ್ತಾರೆ. ಒಂದೇ ದವಡೆ ಮಿಂಚಿದರೆ ಗುರುತು ಸಿಗುವ ಸಂಭವ ಇರುವುದರಿಂದ, ಘಟಕದ ಹೊಸ ಆದೇಶದಂತೆ ಉಳಿದ ನಲವತ್ತು ಗೈಡ್‌ಗಳ ಮನೆಗಳಲ್ಲೂ ತಿಕ್ಕಲಾಗುತ್ತಿದೆ.